ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ಓದುವವರಿಗೆ ಶುಲ್ಕ ವಿನಾಯಿತಿ ಸಾಲದೇ, ಮಾಸಿಕ ವಿದ್ಯಾರ್ಥಿವೇತನವೂ ಏಕೆ ಬೇಕು?

ಸಾಲದು. ಮಹಿಳೆಯರ ಹಾಗೂ ಮಕ್ಕಳ ಮೇಲಿನ ದೌರ್ಜನ್ಯದ ಪ್ರಕರಣಗಳಲ್ಲಿ ಕೆಲಸ ಮಾಡಬಯಸಿ ಮಂಗಳೂರಿನ ಸಮಾಜಕಾರ್ಯ ಕಾಲೇಜಾದ ರೋಶನಿ ನಿಲಯಕ್ಕಾಗಲಿ ಕೊಣಾಜೆಯ ವಿಶ್ವವಿದ್ಯಾನಿಲಯಕ್ಕಾಗಲಿ ಸೇರುವವರಿಗೆ ತಿಂಗಳ ಖರ್ಚಿಗೂ ನೆರವು ಬೇಕಾಗುತ್ತದೆ. ಅದಕ್ಕೆ ಕಾರಣ ಕ್ಷೇತ್ರಕಾರ್ಯ. ಸಂಸ್ಥೆಗಳಲ್ಲಿ ಮೇಲ್ವಿಚಾರಣೆಯಡಿ ನಡೆಯುವ ಈ ಕಡ್ಡಾಯ ತರಬೇತಿಗೆ ಸಾಮಾನ್ಯವಾಗಿ ಸಂಬಳವಿರುವುದಿಲ್ಲ, ಅದು ಹಗಲಿನ ಹೊತ್ತನ್ನೇ ಬೇಡುವುದರಿಂದ ದುಡಿದು ಓದುವ ದಾರಿಯೂ ಕಿರಿದಾಗುತ್ತದೆ. ಹಾಗೆಂದು ಅದನ್ನು ಮೊಟಕುಗೊಳಿಸುವಂತಿಲ್ಲ: ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕರಣಗಳಲ್ಲಿ, ತನಿಖೆಯಿಂದ ನ್ಯಾಯಾಲಯದ ವಿಚಾರಣೆಯವರೆಗೆ ಮಗುವಿನ ಜೊತೆಗಿರುವ ‘ಬೆಂಬಲ ವ್ಯಕ್ತಿ’ಗೆ ಬೇಕಾದ ಕೌಶಲ ಪುಸ್ತಕದಿಂದಷ್ಟೇ ಬರುವಂಥದ್ದಲ್ಲ. ಅರ್ಹರು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಸಲ್ಲಿಸಬಹುದು. ಆದರೆ ಅದು ಮುಖ್ಯವಾಗಿ ಸಮುದಾಯ, ಆದಾಯಗಳನ್ನು ನೋಡಿ ಕೊಡುವ ನೆರವೇ ಹೊರತು ಈ ಕ್ಷೇತ್ರಕ್ಕೆಂದೇ ಮೀಸಲಾದುದಲ್ಲ.