ಸೈತಾನನನ್ನು ತೆಗೆದುಹಾಕಿದರೆ ನೀತಿ ಮಾತ್ರ ಉಳಿಯುತ್ತದೆಯೇ?

ನೀವು ಕೇಳಿದ್ದು ಇಷ್ಟು: ಇಂಗ್ಲಿಷ್ ಎಂ.ಎ. ಓದುತ್ತಿದ್ದೀರಿ, ಪಠ್ಯದ ತುಂಬ ಸೈತಾನ, ಪ್ರೇತ, ರಕ್ತ ಹೀರುವವರು. ಕ್ರೈಸ್ತ ಧರ್ಮದ ನೀತಿ ನಿಮಗೆ ಇಷ್ಟ, ಈ ದೆವ್ವ-ಪವಾಡ ಮಾತ್ರ ಹಿಡಿಸುವುದಿಲ್ಲ. ಅವನ್ನೆಲ್ಲ ತೆಗೆದು ಒಳ್ಳೆಯ ಮಾತುಗಳನ್ನಷ್ಟೇ ಇಟ್ಟುಕೊಂಡರೆ ಸಾಹಿತ್ಯಕ್ಕೂ ಸಮಾಜಕ್ಕೂ ಒಳ್ಳೆಯದಲ್ವಾ?

ನಾನು ಶ್ರೀರಂಗಪಟ್ಟಣದ ಗಂಜಾಂನಲ್ಲಿ ಕ್ಯಾಥೊಲಿಕ್ ಮನೆಯಲ್ಲಿ ಬೆಳೆದವನು. ಈಗ ಮೈಸೂರಿನಲ್ಲಿದ್ದೇನೆ. ನಂಬುವವನು ಅಂತ ಮೊದಲೇ ಹೇಳಿಬಿಡುತ್ತೇನೆ, ನನ್ನ ಮಾತನ್ನು ಅದನ್ನು ಮನಸ್ಸಲ್ಲಿಟ್ಟುಕೊಂಡೇ ಓದಿ. ತೆಗೆಯೋದು ಕಷ್ಟ ಅಲ್ಲ. ಆದರೆ ದೆವ್ವದ ಜೊತೆಗೆ ಮನುಷ್ಯನ ಹೊಣೆಯೂ ಹೊರಗೆ ಹೋಗಿಬಿಡುತ್ತದೆ ಅನ್ನೋದು ನನ್ನ ಭಯ.

ನೀವು ಹೇಳಿದ ಕೆಲಸವನ್ನು ಒಬ್ಬರು ನಿಜವಾಗಿಯೂ ಮಾಡಿದ್ದಾರೆ. ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್. ಅವರು ಬೈಬಲ್ ಪ್ರತಿಗಳನ್ನು ಮುಂದಿಟ್ಟುಕೊಂಡು, ಯೇಸುವಿನ ಉಪದೇಶದ ಸಾಲುಗಳನ್ನು ಚಾಕುವಿನಲ್ಲಿ ಕತ್ತರಿಸಿ ತೆಗೆದು, ಬೇರೆ ಹಾಳೆಗೆ ಅಂಟಿಸಿದರು. ಪವಾಡಗಳನ್ನು ಆದಷ್ಟೂ ಬಿಟ್ಟರು. 1820ರ ಹೊತ್ತಿಗೆ ಪುಸ್ತಕ ಮುಗಿಯಿತು. ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ನಾಲ್ಕೂ ಪಕ್ಕಪಕ್ಕದಲ್ಲಿ. ಅದರ ಕೊನೆಯಲ್ಲಿ ಯೇಸುವಿನ ಸಮಾಧಿಯ ಬಾಯಿಗೆ ಕಲ್ಲು ಉರುಳಿಸಿ ಎಲ್ಲರೂ ಹೊರಟುಹೋಗುತ್ತಾರೆ, ಯೇಸು ಮತ್ತೆ ಎದ್ದುಬರುವ ಭಾಗ ಇಲ್ಲ. ಅಷ್ಟೇ. ತುಂಬ ಶ್ರದ್ಧೆಯಿಂದ ಮಾಡಿದ ಕೆಲಸ, ಅದರಲ್ಲಿ ಅನುಮಾನ ಇಲ್ಲ. ಆದರೆ ಅಲ್ಲಿ ಉಳಿದಿರುವುದು ಒಬ್ಬ ಒಳ್ಳೆಯ ಮೇಷ್ಟ್ರು. ಮೇಷ್ಟ್ರ ಮಾತನ್ನು ಮೆಚ್ಚಿ ಪುಸ್ತಕ ಮುಚ್ಚಿಡಬಹುದು. ನೀನು ಏನು ಮಾಡಿದೆ ಅಂತ ಅವರು ಬಾಗಿಲು ತಟ್ಟಿ ಕೇಳುವುದಿಲ್ಲ.

ಚರ್ಚ್ ಕೂಡ ಎಲ್ಲವನ್ನೂ ಕಣ್ಣು ಮುಚ್ಚಿ ಇಟ್ಟುಕೊಂಡಿಲ್ಲ. ನಮ್ಮ ಅಶೋಕ ರಸ್ತೆಯ ಫಿಲೋಮಿನಾ ಚರ್ಚನ್ನೇ ನೋಡಿ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ್ದು. ಆ ಸಂತಳ ಬದುಕಿನ ಬಗ್ಗೆ ಸಿಕ್ಕ ಆಧಾರ ರೋಮಿನ ನೆಲಮಾಳಿಗೆಯ ಒಂದು ಸಮಾಧಿ ಮಾತ್ರ, ಹಾಗಾಗಿ 1961ರಲ್ಲಿ ಅವಳ ಹಬ್ಬವನ್ನು ಚರ್ಚ್ ತನ್ನ ಪಂಚಾಂಗದಿಂದ ತೆಗೆಯಿತು. ಜನ ಇವತ್ತಿಗೂ ಮೆಟ್ಟಿಲಿಳಿದು ಅವಳ ಪ್ರತಿಮೆಯ ಮುಂದೆ ನಿಲ್ಲುತ್ತಾರೆ. ಯಾವ ಪವಾಡ ಉಳಿಯಬೇಕು ಅನ್ನೋದು ಬೇರೆ ಚರ್ಚೆ, ಅದು ಇರಲಿ.

ಈಗ ಕಥೆಗಳಿಗೆ ಬರುತ್ತೇನೆ. ನಮ್ಮಜ್ಜಿ ದಿನಾ ಜಪಸರ ಹಿಡಿಯುತ್ತಿದ್ದವರು, ಆದರೂ ಮಟಮಟ ಮಧ್ಯಾಹ್ನ ಹುಣಸೇಮರದ ಕಡೆ ಬಿಡುತ್ತಿರಲಿಲ್ಲ. "ಗಾಳಿ ಮೆಟ್ಕತದೆ ಕಣ್ಲಾ" ಅನ್ನುತ್ತಿದ್ದರು. ಆ ಗಾಳಿ ನೀನು ಒಳ್ಳೆಯವನಾ ಕೆಟ್ಟವನಾ ಅಂತ ನೋಡುವುದಿಲ್ಲ. ಆ ಹೊತ್ತಲ್ಲಿ ಆ ದಾರಿಯಲ್ಲಿ ಹೋದೆ, ಮೆಟ್ಟಿಕೊಂಡಿತು. ಬೈಬಲ್ಲಿನ ಸೈತಾನ ಹಾಗಲ್ಲ, ಅವನು ಕೇಳುತ್ತಾನೆ. ಬೆಂಗಾಡಿನಲ್ಲಿ 40 ದಿನ ಉಪವಾಸ ಇದ್ದ ಯೇಸುವಿನ ಹತ್ತಿರ ಬಂದು ಮೂರು ಸಲ ಆಸೆ ತೋರಿಸುತ್ತಾನೆ. ಒಲ್ಲೆ ಅಂದಮೇಲೆ ಹೋಗಬೇಕಾಗುತ್ತದೆ.

ಈ ಒಂದು ಎಳೆ ಹಿಡಿದು ನಿಮ್ಮ ಪಠ್ಯವನ್ನು ಮತ್ತೊಮ್ಮೆ ಓದಿ. ಮಾರ್ಲೋ ಬರೆದ 'ಡಾಕ್ಟರ್ ಫೌಸ್ಟಸ್' ನಾಟಕದಲ್ಲಿ ಫೌಸ್ಟಸ್ 24 ವರ್ಷದ ಸುಖಕ್ಕೆ ಆತ್ಮವನ್ನೇ ಸೈತಾನನಿಗೆ ತನ್ನ ರಕ್ತದಲ್ಲಿ ಬರೆದುಕೊಡುವಾಗ ಆ ರಕ್ತ ಹೆಪ್ಪುಗಟ್ಟುತ್ತದೆ, ಪತ್ರ ಬರೆಯಲು ಆಗುವುದಿಲ್ಲ. ಆಮೇಲೆ ತೋಳಿನ ಮೇಲೆ ಅಕ್ಷರ ಮೂಡುತ್ತದೆ: ಓಡು ಮನುಷ್ಯಾ, ಅಂತ. ಅವನ ಮೈಯೇ ಬೇಡ ಅನ್ನುತ್ತಿದೆ! ಆದರೂ ಅವನು ಹಿಂದೆ ಸರಿಯುವುದಿಲ್ಲ. ಕೊನೆಗಾಲದಲ್ಲಿ ಒಬ್ಬ ಮುದುಕ ಬಂದು ಇನ್ನೂ ಹೊತ್ತು ಮೀರಿಲ್ಲ ಅಂತ ಹೇಳುತ್ತಾನೆ. ರಕ್ತ ಹೀರುವ ಡ್ರಾಕುಲಾನ ಕಥೆ ಹೇಳುವ 1897ರ 'ಡ್ರಾಕುಲಾ' ಕಾದಂಬರಿಯಲ್ಲೂ ಅಷ್ಟೇ. ಮನೆಯವರು ಯಾರಾದರೂ ಕರೆಯದೆ ಅವನು ಮೊದಲ ಸಲ ಒಳಗೆ ಕಾಲಿಡುವ ಹಾಗಿಲ್ಲ. ಒಂದು ಸಲ ಕರೆದರೆ ಆಮೇಲೆ ಯಾವಾಗ ಬೇಕಾದರೂ ಬರಬಹುದು. ಜನರಿಗೆ ಅವನ ಕೋರೆಹಲ್ಲು ನೆನಪಿದೆ, ನನಗೆ ಈ ಹೊಸ್ತಿಲಿನ ನಿಯಮವೇ ಜಾಸ್ತಿ ಭಯ ಹುಟ್ಟಿಸುತ್ತದೆ. ಕುಡಿತ, ಬಡ್ಡಿ ವ್ಯವಹಾರ, ಲಂಚ, ಎಲ್ಲವೂ ಹೀಗೇ ಅಲ್ವಾ ಮನೆಯೊಳಗೆ ಬರೋದು?

ಇನ್ನು ಪಾಪ ಮತ್ತು ಕ್ಷಮೆಯ ವಿಷಯ. ಇದನ್ನು ನನ್ನ ಕಥೆಯಿಂದಲೇ ಹೇಳಬೇಕು. ನನಗೆ ಹನ್ನೊಂದು ವರ್ಷ ಇರುವಾಗ ಅಜ್ಜಿಯ ಟ್ರಂಕಿನಿಂದ 20 ರೂಪಾಯಿ ಕದ್ದೆ. ಹಾಲು ಮಾರಿದ ದುಡ್ಡು, ಹಳೇ ಸೀರೆಯ ಚೂರಲ್ಲಿ ಗಂಟು ಹಾಕಿಟ್ಟಿದ್ದರು. ದಸರಾ ವಸ್ತುಪ್ರದರ್ಶನದಲ್ಲಿ ಎಲ್ಲವನ್ನೂ ಖರ್ಚು ಮಾಡಿದೆ. ಅನುಮಾನ ಬಂದಿದ್ದು ನಮ್ಮ ಹಸುವಿಗೆ ಹುಲ್ಲು ತಂದುಹಾಕುತ್ತಿದ್ದ ಹುಡುಗನ ಮೇಲೆ. ಅವನಿಗೂ ನನ್ನದೇ ವಯಸ್ಸು. ಅವರವ್ವ ಎಲ್ಲರ ಎದುರಿಗೇ ಹೊಂಗೆ ಬರಲಲ್ಲಿ ಹೊಡೆದರು. ಅವನು ನಾನಲ್ಲ, ನಾನಲ್ಲ ಅನ್ನುತ್ತಿದ್ದ. ನಾನು ಜಗಲಿಯ ಕಂಬ ಹಿಡಿದುಕೊಂಡು ನೋಡುತ್ತಾ ನಿಂತಿದ್ದೆ.

ಕ್ರಿಸ್ಮಸ್‌ಗೆ ಮುಂಚೆ ಪಾಪನಿವೇದನೆಗೆ ಹೋಗಬೇಕು. ಮರದ ಜಾಲರಿಯ ಈಚೆ ಮಂಡಿಯೂರಿ ಹೇಳಿಬಿಟ್ಟೆ. ಹೇಳಿದ ತಕ್ಷಣ ಮುಗಿಯಿತು ಅಂದುಕೊಂಡಿದ್ದೆ. ಆಚೆಯಿಂದ ಫಾದರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. "ದೇವರು ಕ್ಷಮಿಸ್ತಾನೆ ಕಂದ. ಆ ಹುಡುಗನ ಹೆಸರು ಕೆಟ್ಟಿದೆಯಲ್ಲ, ಅದನ್ನ ಯಾರು ಸರಿ ಮಾಡ್ತಾರೆ? ನೀನೇ ಹೋಗ್ಬೇಕು" ಅಂದರು. ಹೋದೆ. ಒಂದು ದಿನ ಅಲ್ಲ, ನಾಲ್ಕು ದಿನ ಅವರ ಮನೆ ಮುಂದೆ ಓಡಾಡಿ ಆಮೇಲೆ ಹೋದೆ. ಅವರವ್ವ ಒಲೆ ಮುಂದೆ ಕೂತು ರಾಗಿಮುದ್ದೆ ತಿರುವುತ್ತಿದ್ದರು. ಕೇಳಿ ಕೋಲು ಕೆಳಗಿಟ್ಟು, ನನ್ನ ಕಡೆ ನೋಡದೆ ಮಗನನ್ನು ಎಳೆದುಕೊಂಡು ಅವನ ಬೆನ್ನು ಸವರಿದರು. ಏಟು ಬಿದ್ದು ಎರಡು ತಿಂಗಳಾಗಿತ್ತು.

'ಹ್ಯಾಮ್ಲೆಟ್'ನಲ್ಲಿ ಅಣ್ಣನನ್ನು ಕೊಂದ ರಾಜ ಮಂಡಿಯೂರುತ್ತಾನಲ್ಲ, ಆ ದೃಶ್ಯ ನನಗೆ ಕ್ಲಾಸಿನಲ್ಲಿ ಅರ್ಥವಾಗಿದ್ದು ಇದರಿಂದ. ಕಿರೀಟವೂ ತನ್ನ ಹತ್ತಿರವೇ ಇದೆ, ಅತ್ತಿಗೆಯೂ ತನ್ನ ಹತ್ತಿರವೇ ಇದ್ದಾಳೆ, ಅವನ್ನು ಬಿಡದೆ ಕ್ಷಮೆ ಸಿಗುತ್ತಾ ಅಂತ ಅವನೇ ಕೇಳಿಕೊಳ್ಳುತ್ತಾನೆ. ಸಿಗಲ್ಲ ಅಂತ ಅವನಿಗೇ ಗೊತ್ತು. ಮೇಲೊಂದು ನ್ಯಾಯಾಲಯ ಇದೆ, ಅಲ್ಲಿ ಮುಚ್ಚುಮರೆ ನಡೆಯಲ್ಲ ಅನ್ನೋ ನಂಬಿಕೆ ಇರುವುದರಿಂದಲೇ ಆ ಒದ್ದಾಟ. ಆ ನ್ಯಾಯಾಲಯವನ್ನು ತೆಗೆದುಬಿಡಿ, ಅವನು ಹಾಯಾಗಿ ನಿದ್ದೆ ಮಾಡುವ ಒಬ್ಬ ರಾಜ. (ಕುವೆಂಪು ಈ ನಾಟಕವನ್ನು ಬಿದನೂರಿಗೆ ತಂದು 'ರಕ್ತಾಕ್ಷಿ' ಮಾಡಿದ್ದಾರೆ, ಎರಡನ್ನೂ ಜೊತೆಗಿಟ್ಟುಕೊಂಡು ಓದಿ.)

'ಹ್ಯಾಮ್ಲೆಟ್'ನಲ್ಲೇ ಇನ್ನೊಂದಿದೆ. ಅಪ್ಪನ ಪ್ರೇತ ಬಂದು ಸೇಡು ತೀರಿಸು ಅಂದಾಗ ಮಗ ಸೀದಾ ಕತ್ತಿ ಹಿಡಿದು ಹೋಗುವುದಿಲ್ಲ. ಇದು ಅಪ್ಪನಾ, ಅಪ್ಪನ ವೇಷದಲ್ಲಿ ಬಂದ ಸೈತಾನನಾ ಅಂತ ಅನುಮಾನ ಪಡುತ್ತಾನೆ. ಅದಕ್ಕೇ ನಾಟಕ ಆಡಿಸಿ ರಾಜನ ಮುಖ ನೋಡುತ್ತಾನೆ. ಪ್ರೇತ ಹೇಳಿದ್ದನ್ನೂ ಪರೀಕ್ಷೆ ಮಾಡಬೇಕು ಅನ್ನೋ ಈ ಎಚ್ಚರ ಇಲ್ಲದ ಕಡೆ ಏನಾಗುತ್ತದೆ ಗೊತ್ತಾ? 1692ರಲ್ಲಿ ಅಮೆರಿಕದ ಸೇಲಂನಲ್ಲಿ ಆಯಿತು. ಇಂಥವಳ ಛಾಯೆ ಬಂದು ನನ್ನನ್ನು ಹಿಂಸೆ ಮಾಡಿತು ಅಂತ ಹೇಳಿದ ಮಾತನ್ನೇ ನ್ಯಾಯಾಲಯ ಸಾಕ್ಷಿ ಅಂತ ತೆಗೆದುಕೊಂಡಿತು. 19 ಜನರನ್ನು ಗಲ್ಲಿಗೆ ಹಾಕಿದರು. ಒಬ್ಬ ಮುದುಕನ ಎದೆ ಮೇಲೆ ಕಲ್ಲು ಹೇರಿ ಸಾಯಿಸಿದರು. ಎಲ್ಲರೂ ಬೈಬಲ್ ಓದುವವರೇ. ಸೈತಾನನನ್ನು ತಮ್ಮೊಳಗೆ ಹುಡುಕುವುದು ಬಿಟ್ಟು ಪಕ್ಕದ ಮನೆಯಲ್ಲಿ ಹುಡುಕಿದರು. ನಿಮ್ಮ ಸಿಟ್ಟು ಇಂಥದ್ದರ ಮೇಲೆ ಅಂತಾದರೆ ನಾನೂ ನಿಮ್ಮ ಕಡೆಯೇ.

ಆದರೆ ಅಲ್ಲಿ ಶಿಕ್ಷೆ ಕೊಟ್ಟವರಲ್ಲಿ ಒಬ್ಬರಾದ ನ್ಯಾಯಾಧೀಶ ಸ್ಯಾಮ್ಯುಯೆಲ್ ಸೂವಲ್, 1697ರಲ್ಲಿ ಬಾಸ್ಟನ್ನಿನ ಚರ್ಚಿನಲ್ಲಿ ತುಂಬಿದ ಸಭೆಯ ನಡುವೆ ಎದ್ದು ನಿಂತರು. ತಪ್ಪು ನನ್ನದು, ಅವಮಾನವೂ ನನಗಿರಲಿ ಅನ್ನುವ ಅವರ ಪತ್ರವನ್ನು ಪಾದ್ರಿ ಓದಿದರು, ಓದಿ ಮುಗಿಸುವವರೆಗೂ ಅವರು ನಿಂತೇ ಇದ್ದರು. ಅವರನ್ನು ನಿಲ್ಲಿಸಿದ್ದೂ ಅದೇ ದೇವರ ಭಯ. ಇದಕ್ಕೇ ನಾನು ಪೂರ್ತಿ ಕತ್ತರಿಸಿ ಬಿಸಾಕಿ ಅನ್ನಲಾರೆ.

ಸೈತಾನನನ್ನು ಪಕ್ಕದ ಮನೆಯಲ್ಲಿ ಹುಡುಕುವ ಚಾಳಿ ನಮ್ಮೂರಲ್ಲೂ ಇದೆ. ನನ್ನ ಪರಿಚಯದ ಮನೆಯ ಹುಡುಗಿಗೆ ಫಿಟ್ಸ್ ಬರೋಕೆ ಶುರುವಾಯಿತು. ಯಾರೋ ಪ್ರಾರ್ಥನೆ ಮಾಡಿಸುವವರ ಹತ್ತಿರ ಕರೆದುಕೊಂಡು ಹೋದರು. ಅವರು ಇದು ದುರಾತ್ಮ, ಮಾಡಿಸಿದ್ದು ಮನೆಯ ಹತ್ತಿರದವರೇ ಅಂದರು. ಎಲ್ಲರ ಕಣ್ಣೂ ದೊಡ್ಡಮ್ಮನ ಮೇಲೆ ಹೋಯಿತು, ಮಾತು ನಿಂತಿತು. ಆರೇಳು ತಿಂಗಳು ಹೀಗೇ ಕಳೆಯಿತು. ಕೊನೆಗೆ ಅವರ ಚರ್ಚಿನ ಫಾದರ್ರೇ ಬೈದು, ಮೊದಲು ನರರೋಗದ ಡಾಕ್ಟರ ಹತ್ತಿರ ಹೋಗಿ ಅಂತ ಕಳಿಸಿದರು. ಕ್ಯಾಥೊಲಿಕ್ ನಿಯಮವೂ ಅದೇ. ದೆವ್ವ ಬಿಡಿಸುವ ವಿಧಿಗೆ ಬಿಷಪ್ಪರ ಅನುಮತಿ ಬೇಕು, ಅದಕ್ಕೂ ಮೊದಲು ಇದು ಕಾಯಿಲೆ ಅಲ್ಲ ಅಂತ ಖಾತ್ರಿಯಾಗಬೇಕು. ನಮ್ಮ ಗಂಜಾಂನ ಚರ್ಚಿನ ಅಬ್ಬೆ ದುಬೋಯಿ, ಜನ ದೊಡ್ಡಸ್ವಾಮಿಯವರು ಅನ್ನುತ್ತಿದ್ದ ಆ ಫ್ರೆಂಚ್ ಪಾದ್ರಿ, ಟಿಪ್ಪು ಸತ್ತ ಕೆಲವೇ ವರ್ಷದಲ್ಲಿ ಈ ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಿದವರು. ದಿನಾ ಚರ್ಚಿನಲ್ಲಿ ಬಲಿಪೂಜೆ, ಅಂದರೆ ಮಾಸ್, ಮಾಡುತ್ತಿದ್ದವರೇ ಅದನ್ನೂ ಮಾಡಿದ್ದು.

ಹುಡುಗಿ ಈಗ ಗುಳಿಗೆ ತಗೊಂಡು ಕಾಲೇಜಿಗೆ ಹೋಗುತ್ತಿದ್ದಾಳೆ. ಕೊನೆಯ ಸಲ ಫಿಟ್ಸ್ ಬಂದು ವರ್ಷದ ಮೇಲಾಯಿತು. ದೊಡ್ಡಮ್ಮನ ಮನೆಗೆ ಮಾತ್ರ ಇದುವರೆಗೂ ಯಾರೂ ಹೋಗಿಲ್ಲ. ಕ್ರಿಸ್ಮಸ್‌ಗೆ ಮುಂಚೆ ನಾವಿಬ್ಬರೂ ಹೋಗಿಬರೋಣ ಅಂತ ಹುಡುಗಿಯ ಅಪ್ಪನಿಗೆ ಹೇಳಿದ್ದೇನೆ. ನೋಡೋಣ ಅಂದಿದ್ದಾರೆ.