ಸೆಕೆಯ ಊರಿನಲ್ಲಿ ರೆಡ್ ವೈನ್

ಪ್ರಶ್ನೆ: ರೆಡ್ ವೈನನ್ನು ಕೋಣೆಯ ಉಷ್ಣತೆಯಲ್ಲೇ ಕುಡಿಯಬೇಕು ಎನ್ನುತ್ತಾರೆ. ಹಾಗೆ ಮಾಡಿದರೆ ಮೂಗಿಗೆ ಬರೀ ಸ್ಪಿರಿಟ್ ಘಾಟು. ಬಂಗುಡೆ ಗಸಿಯ ಜೊತೆ ಕುಡಿದರಂತೂ ಬಾಯೆಲ್ಲ ಕಬ್ಬಿಣದ ರುಚಿ. ತಪ್ಪೆಲ್ಲಿ?
– ಓದುಗರೊಬ್ಬರು, ಕದ್ರಿ, ಮಂಗಳೂರು

ಉತ್ತರ: ಆ ಮಾತು ಯುರೋಪಿನ ತಂಪು ಮನೆಗಳದ್ದು, ರೆಡ್‌ಗೆ 16–18 ಡಿಗ್ರಿ ಸರಿ. ಮಂಗಳೂರಿನ ಎಪ್ರಿಲ್‌ನಲ್ಲಿ ಕೋಣೆಯೇ 30 ದಾಟಿರುತ್ತದೆ. ಆ ಬಿಸಿಗೆ ಆಲ್ಕೋಹಾಲ್ ಬೇಗ ಆವಿಯಾಗಿ ಹಣ್ಣಿನ ಪರಿಮಳವನ್ನು ಮುಚ್ಚಿಬಿಡುತ್ತದೆ. ಬಾಟ್ಲಿಯನ್ನು ಸುಮಾರು ಒಂದೂವರೆ ಗಂಟೆ ಫ್ರಿಜ್ಜಿನಲ್ಲಿಡಿ. ರಾತ್ರಿಯಿಡೀ ಇಟ್ಟರೆ ಪರಿಮಳ ಮುದುಡಿ ಒಗರು ಎದ್ದು ಕಾಣುತ್ತದೆ. ವೈಟ್‌ಗೆ 8–10 ಡಿಗ್ರಿ ಬೇಕು; ಐಸ್ ಮತ್ತು ನೀರು ಬೆರೆಸಿದ ಬಕೆಟ್‌ನಲ್ಲಿ ಅರ್ಧ ಗಂಟೆ. ಬರೀ ಐಸ್ ಬಾಟ್ಲಿಗೆ ಸರಿಯಾಗಿ ತಾಗದು, ನೀರು ಬೇಕೇ ಬೇಕು.

ಗ್ಲಾಸಿಗೆ ಮೂರರಲ್ಲೊಂದು ಭಾಗ ಮಾತ್ರ ಸುರಿಯಿರಿ. ಅಲುಗಿಸದೆ ಒಮ್ಮೆ, ತಿರುಗಿಸಿ ಇನ್ನೊಮ್ಮೆ ಮೂಸಿ. ಗುಟುಕನ್ನು ಐದಾರು ಸೆಕೆಂಡ್ ಬಾಯಲ್ಲಿ ಹೊರಳಿಸಿ. ನೀರೂರಿದರೆ ಅದು ಹುಳಿ. ಎಳೆ ಅಡಿಕೆ ಜಗಿದಂತೆ ಒಸಡು ಒಣಗಿದರೆ ಅದು ಟ್ಯಾನಿನ್, ಅಂದರೆ ವೈನಿನ ಒಗರಿನ ಅಂಶ.

ಇನ್ನು ಬಂಗುಡೆ. ರೆಡ್ ವೈನ್‌ನಲ್ಲಿರುವ ಕಬ್ಬಿಣದ ಅಂಶ ಮೀನೆಣ್ಣೆಯನ್ನು ಕೆಡಿಸಿ ಆ ಲೋಹದ, ಹಸಿಮೀನಿನ ವಾಸನೆ ಎಬ್ಬಿಸುತ್ತದೆ. ಮೆಣಸಿನ ಖಾರವೂ ಆಲ್ಕೋಹಾಲ್ ಸೇರಿದರೆ ಇನ್ನಷ್ಟು ಉರಿಯುತ್ತದೆ. ಗಸಿಗೆ ತುಸು ಸಿಹಿಯಿರುವ ನಾಸಿಕ್‌ನ ಶೆನಿನ್ ಬ್ಲಾಂಕ್ ಎಂಬ ವೈಟ್ ವೈನ್ ಒಳ್ಳೆಯ ಜೋಡಿ. ರೆಡ್ಡೇ ಬೇಕೆಂದರೆ ಮೀನು ಬಿಟ್ಟು ಹಂದಿ ಬಫಾತ್ ಮಾಡಿ, ಟ್ಯಾನಿನ್ ಕಡಿಮೆಯಿರುವುದನ್ನು ಆರಿಸಿ.

ಉಳಿದದ್ದಕ್ಕೆ ಬಿಗಿಯಾಗಿ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ. ರೆಡ್ ಆದರೂ ಅಷ್ಟೇ.