ನಾರ್ಟನ್ ಕಮಾಂಡೊ: ನಿಲ್ಲಿಸಿಟ್ಟರೆ ಟ್ಯಾಂಕಿನ ಆಯಿಲ್ ಇಳಿಯುತ್ತೆ, ಸ್ಟಾರ್ಟ್ ಮಾಡಿದರೆ ಹೊಗೆ

ನಿಮ್ಮ 750 ಕಮಾಂಡೊ (ನಾರ್ಟನ್ ಕಂಪನಿಯ ಹಳೆಯ ಬ್ರಿಟಿಷ್ ಬೈಕ್) ಎರಡು ವಾರ ನಿಂತ ಮೇಲೆ ಆಯಿಲ್ ಟ್ಯಾಂಕಿನ ಮಟ್ಟ ಇಳಿದು, ಸ್ಟಾರ್ಟ್ ಮಾಡಿದೊಡನೆ ನೀಲಿ ಹೊಗೆ ಬರುತ್ತಿದ್ದರೆ ಅದು ಬಹುಮಟ್ಟಿಗೆ ವೆಟ್ ಸಂಪಿಂಗ್. ಇದು ಡ್ರೈ ಸಂಪ್ ಇಂಜಿನ್, ಅಂದರೆ ಆಯಿಲ್ ಇರುವುದು ಇಂಜಿನ್ನಿನ ಅಡಿಯಲ್ಲಲ್ಲ, ಬೇರೆ ಟ್ಯಾಂಕಿನಲ್ಲಿ. ಮೇಲಿರುವ ಟ್ಯಾಂಕಿನ ಆಯಿಲ್, ಸವೆದ ಗೇರ್ ಪಂಪಿನ ಸಂದಿಯಲ್ಲಿ ನುಸುಳಿ ಇಂಜಿನ್ನಿನ ಅಡಿಭಾಗವಾದ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ.

ಈಗಲೇ ಹೊಸ ಆಯಿಲ್ ಸುರಿಯಬೇಡಿ. ಮೊದಲು ಕ್ರ್ಯಾಂಕ್‌ಕೇಸಿನ ಅಡಿಯ ಡ್ರೈನ್ ಪ್ಲಗ್ ಬಿಚ್ಚಿ, ಬಂದದ್ದನ್ನು ಶುದ್ಧ ಪಾತ್ರೆಯಲ್ಲಿ ಹಿಡಿದು ಅಳೆಯಿರಿ. ಟ್ಯಾಂಕಿನಲ್ಲಿ ಕಡಿಮೆಯಾದಷ್ಟೇ ಇಲ್ಲಿ ಸಿಕ್ಕರೆ ಕಾರಣ ಖಚಿತ. ಪ್ಲಗ್ ಹಾಕಿ, ಟ್ಯಾಂಕಿನ ಮಟ್ಟ ಸರಿಮಾಡಿ ಸ್ಟಾರ್ಟ್ ಮಾಡಿ. ಆಯಿಲ್ ಟ್ಯಾಂಕಿನ ಮುಚ್ಚಳ ತೆಗೆದು, ಇಂಜಿನ್ನಿನಿಂದ ಟ್ಯಾಂಕಿಗೆ ಮರಳುವ ರಿಟರ್ನ್ ಪೈಪಿನಲ್ಲಿ ಆಯಿಲ್ ಬರುತ್ತಿದೆಯೇ ನೋಡಿ. ಬರದಿದ್ದರೆ ತಕ್ಷಣ ಆಫ್ ಮಾಡಿ. ಇನ್ನು ಮುಂದೆ ಮಟ್ಟ ನೋಡುವುದು ಗಾಡಿ ಓಡಿಸಿ ಬಂದ ಕೂಡಲೇ, ಬೆಳಿಗ್ಗೆ ಎದ್ದು ಅಲ್ಲ.

ವಾರಗಟ್ಟಲೆ ನಿಂತಾಗ ಮಾತ್ರ ಇಳಿದರೆ ಈ ಗಾಡಿಗೆ ಅದು ಸಹಜ, ಇಂಜಿನ್ ಬಿಚ್ಚಬೇಕಿಲ್ಲ. ರಾತ್ರಿ ಕಳೆಯುವಷ್ಟರಲ್ಲಿ ಇಳಿದರೆ ಟೈಮಿಂಗ್ ಕವರ್ ತೆಗೆದು ಪಂಪ್ ಹೊರತೆಗೆಯಿರಿ. ಅದರ ತುದಿಯ ಶಂಕುವಿನಾಕಾರದ ರಬ್ಬರ್ ಸೀಲ್ ಬದಲಿಸಿ, ಸವೆದ ಪಂಪನ್ನು ರಿಪೇರಿ ಮಾಡಿಸಿ.

ಟ್ಯಾಂಕಿನಿಂದ ಇಂಜಿನ್ನಿಗೆ ಆಯಿಲ್ ಒಯ್ಯುವ ಫೀಡ್ ಪೈಪಿಗೆ ನಲ್ಲಿ ಹಾಕಿಸಿ ಎಂದು ಹಲವರು ಹೇಳುತ್ತಾರೆ. ನಾನಂತೂ ಬೇಡ ಎನ್ನುತ್ತೇನೆ: ಒಂದು ದಿನ ತೆರೆಯಲು ಮರೆತರೆ ಆಯಿಲ್ ಸಿಗದೆ ಬೇರಿಂಗ್ ಹೋಯಿತು.

ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ ಹೊಗೆ ನಿಲ್ಲದಿದ್ದರೆ ವಾಲ್ವ್ ಗೈಡ್ ಇರಬಹುದು, ಪಿಸ್ಟನ್ ರಿಂಗ್ ಇರಬಹುದು; ಹೊಗೆ ನೋಡಿ ಹೇಳಲಾಗದು, ಲೀಕ್‌ಡೌನ್ ಟೆಸ್ಟ್ (ಸಿಲಿಂಡರಿಗೆ ಗಾಳಿ ತುಂಬಿ ಎಲ್ಲಿ ಸೋರುತ್ತದೆ ಎಂದು ನೋಡುವ ಪರೀಕ್ಷೆ) ಮಾಡಿಸಿ.